ನೆಗೆಟಿವ್‌ನಿಂದ ಇಂಗಳೀಕದ ಕೆಂಪು ಹೊರತಂದದ್ದು

ದೊಡ್ಡಪ್ಪನ ಹಳೇ ಫೋಟೋ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಬೇಕು ಅಂತ ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಸ್ಕ್ಯಾನರ್ ಮಾತ್ರ. ಒಳ್ಳೇ ಸ್ಕ್ಯಾನರ್ ಸಿಕ್ಕರೆ ಕೆಲಸ ಮುಗೀತು ಅಂದುಕೊಂಡಿದ್ದೆ. ಸಾಫ್ಟ್‌ವೇರ್ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಮೂರು ರೋಲು ಪೂರ್ತಿ ಮುಗಿಸಿ, ಮತ್ತೆ ಮೊದಲಿಂದ ಶುರು ಮಾಡಿದ ಮೇಲೆ ಗೊತ್ತಾಯಿತು, ಬಣ್ಣ ಏನಾಗಬೇಕು ಅಂತ ನಿರ್ಧಾರ ಆಗುವುದು ಸಾಫ್ಟ್‌ವೇರಿನಲ್ಲಿ.

ದೊಡ್ಡಪ್ಪ ಸಿದ್ದಾಪುರದ ಹತ್ತಿರ ಪ್ರೈಮರಿ ಶಾಲೆ ಮಾಸ್ತರಾಗಿದ್ದರು. ಸಂಬಳದಲ್ಲಿ ಉಳಿಸಿ ಪೆಂಟಾಕ್ಸ್ ಕೆ1000 ಕ್ಯಾಮೆರಾ ಕೊಂಡಿದ್ದರು. ಊರಲ್ಲಿ, ಸುತ್ತಮುತ್ತ ಎಲ್ಲಿ ಯಕ್ಷಗಾನ ಇದ್ದರೂ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ಆಟ ಅಂದರೆ ಅವರಿಗೆ ಪ್ರಾಣ. 1986ರಿಂದ 2001ರವರೆಗೆ ತೆಗೆದ ಸುಮಾರು 60 ರೋಲು, ಅಂದರೆ ಹತ್ತಿರ ಹತ್ತಿರ ಎರಡು ಸಾವಿರ ಫ್ರೇಮು, ಅವರ ಟ್ರಂಕಿನಲ್ಲಿ ಇದ್ದವು. ಪ್ರಿಂಟ್ ಹಾಕಿಸಿದ್ದು ಬಹಳ ಕಡಿಮೆ. ದುಡ್ಡು ಎಲ್ಲಿತ್ತು? ರೋಲಿಗೆ ನಾಲ್ಕೋ ಐದೋ ಪ್ರಿಂಟ್, ಅಷ್ಟೇ. ಅವರು ಹೋಗಿ ಐದು ವರ್ಷ ಆಯಿತು. ಹೋದ ಮಳೆಗಾಲದಲ್ಲಿ ದೊಡ್ಡಮ್ಮ ಟ್ರಂಕ್ ತೆಗೆದು ನೋಡಿದಾಗ ಮುಗ್ಗಲು ವಾಸನೆ. ನನಗೆ ಫೋನ್ ಮಾಡಿ, "ತಮಾ, ಇದೆಲ್ಲ ಬೂಸ್ಟು ಹಿಡೀತಾ ಇದ್ದು, ಬಂದು ತಗಂಡ್ ಹೋಗು" ಅಂದರು.

ನಮ್ಮ ಕಡೆ ಮಳೆ ಗೊತ್ತಲ್ಲ. ನೆಗೆಟಿವ್ ಮೇಲಿನ ಪದರ ಜೆಲಾಟಿನ್, ಅದು ಬೂಸ್ಟಿಗೆ ಒಳ್ಳೇ ಊಟ. ಕೆಲವು ಪಟ್ಟಿಗಳ ಮೇಲೆ ಸಣ್ಣ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು ಹಬ್ಬಿದ್ದವು. ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಬೂಸ್ಟು ಹಿಡಿದ ನೆಗೆಟಿವ್ ಅನ್ನು ದಯವಿಟ್ಟು ನೀರಲ್ಲಿ ತೊಳೆಯಬೇಡಿ. ಬೂಸ್ಟು ತಿಂದ ಜಾಗದಲ್ಲಿ ಜೆಲಾಟಿನ್ ನೀರಿಗೆ ಕರಗುವ ಸ್ಥಿತಿಗೆ ಬಂದಿರುತ್ತದೆ, ತೊಳೆದರೆ ಚಿತ್ರವೇ ಕಿತ್ತು ಬರಬಹುದು. ನಾನು ಮಾಡಿದ್ದು ಇಷ್ಟೇ: ಗಾಳಿ ಹೊಡೆಯುವ ರಬ್ಬರ್ ಬ್ಲೋಯರ್, ಮೆತ್ತನೆ ಬ್ರಷ್, ಹತ್ತಿ ಗ್ಲೌಸ್. ಹೊಳೆಯುವ ಬದಿಯಲ್ಲಿ ಬೆರಳಚ್ಚು ಇದ್ದರೆ ಮಾತ್ರ 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ. ಸುರುಳಿ ಸುತ್ತಿಕೊಂಡಿದ್ದ ಪಟ್ಟಿಗಳನ್ನು ಬಟರ್ ಪೇಪರ್ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಎರಡು ವಾರ ಬಿಟ್ಟೆ. ಫಿಲ್ಮ್ ಚಪ್ಪಟೆ ಇಲ್ಲದೆ ಗಾಜಿಗೆ ತಾಗಿದರೆ ಸ್ಕ್ಯಾನಿನಲ್ಲಿ ನೀರಿನ ಮೇಲೆ ಎಣ್ಣೆ ಬಿದ್ದ ಹಾಗೆ ಬಣ್ಣದ ಉಂಗುರಗಳು ಬರುತ್ತವೆ, ನ್ಯೂಟನ್ ರಿಂಗ್ ಅಂತಾರೆ. ಅದನ್ನು ಆಮೇಲೆ ಯಾವ ಸಾಫ್ಟ್‌ವೇರಿನಲ್ಲೂ ಸುಲಭವಾಗಿ ತೆಗೆಯಲಿಕ್ಕೆ ಆಗುವುದಿಲ್ಲ.

ಸ್ಕ್ಯಾನರ್ ಸೆಕೆಂಡ್ ಹ್ಯಾಂಡ್ ತಗೊಂಡೆ, ಎಪ್ಸನ್ ವಿ600. ಚಪ್ಪಟೆ ಗಾಜಿನ ಸ್ಕ್ಯಾನರ್, ಮುಚ್ಚಳದಲ್ಲಿ ಫಿಲ್ಮಿಗೆ ಬೇರೆ ಬೆಳಕು ಇದೆ. ಒಂದು ಸಲಕ್ಕೆ ಆರಾರು ಫ್ರೇಮಿನ ಎರಡು ಪಟ್ಟಿ, ಒಟ್ಟು 12 ಫ್ರೇಮು ಹಿಡಿಯುತ್ತದೆ. ಬೆಂಗಳೂರಿನ ಗೆಳೆಯನೊಬ್ಬ ಡಿಜಿಟಲ್ ಕ್ಯಾಮೆರಾಗೆ ಮ್ಯಾಕ್ರೊ ಲೆನ್ಸ್ ಹಾಕಿ, ಲೈಟ್ ಟೇಬಲ್ ಮೇಲೆ ನೆಗೆಟಿವ್ ಇಟ್ಟು ಫೋಟೋ ಹೊಡೆದು, ಲೈಟ್‌ರೂಮ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ನೆಗೆಟಿವ್ ಲ್ಯಾಬ್ ಪ್ರೊ ಪ್ಲಗಿನ್‌ನಿಂದ ಅದನ್ನು ತಿರುಗಿಸುತ್ತಾನೆ, ಅಂದರೆ ನೆಗೆಟಿವ್‌ನ ಉಲ್ಟಾ ಬಣ್ಣವನ್ನು ಸರಿ ಬಣ್ಣ ಮಾಡುತ್ತಾನೆ. ಬಹಳ ಬೇಗ ಆಗುತ್ತದೆ, ಚೆನ್ನಾಗಿಯೂ ಬರುತ್ತದೆ. ಆದರೆ ಬೂಸ್ಟು, ಗೀರು, ಧೂಳು ಇಷ್ಟೊಂದು ಇರುವ ನನ್ನ ನೆಗೆಟಿವ್‌ಗಳಿಗೆ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ಇರುವ ಸ್ಕ್ಯಾನರ್ರೇ ಬೇಕಿತ್ತು. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಮೂರು ರೋಲು ನಾನು ಎಲ್ಲ ಆಟೋ ಇಟ್ಟು, ನೇರ ಜೆಪೆಗ್ ಆಗಿ ಉಳಿಸಿದೆ. ರಾತ್ರಿ ಹೊತ್ತು, ಆಫೀಸ್ ಮುಗಿಸಿ ಬಂದು. 108 ಫ್ರೇಮಿಗೆ ಹತ್ತು ರಾತ್ರಿ ಹಿಡಿಯಿತು. ಒಂದೊಂದೇ ನೋಡಿದಾಗ ಎಲ್ಲ ಸರಿಯೇ ಅನ್ನಿಸಿತು. ಸಾಲಾಗಿ ಜೋಡಿಸಿ ನೋಡಿದರೆ ಒಂದೇ ರಾತ್ರಿ, ಒಂದೇ ರಂಗಸ್ಥಳ, ಒಂದೇ ವೇಷ, ಆದರೆ ಪ್ರತಿ ಚಿತ್ರದಲ್ಲೂ ಬಣ್ಣ ಬೇರೆ. ವೇಷದವರು ಉಡುವ ಕಸೆ ಸೀರೆಯ ಕೆಂಪು ಒಂದರಲ್ಲಿ ಇಟ್ಟಿಗೆ, ಇನ್ನೊಂದರಲ್ಲಿ ಗುಲಾಬಿ, ಮತ್ತೊಂದರಲ್ಲಿ ಕಂದು. ಹಿಂದಿನ ಕಪ್ಪು ರಾತ್ರಿ ಕೆಲವದರಲ್ಲಿ ನೀಲಿ ತಿರುಗಿತ್ತು.

ಊರಿಗೆ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ದೊಡ್ಡಮ್ಮನಿಗೆ ತೋರಿಸಿದೆ. ಒಂದು ರಾಕ್ಷಸ ವೇಷದ ಮುಖ, ಹತ್ತಿರದಿಂದ ತೆಗೆದದ್ದು. ಅವರು ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. "ಇದು ಇಂಗಳೀಕ ಅಲ್ದೋ ತಮಾ. ಕುಂಕುಮ ನೀರಿಗೆ ಬಿದ್ದಾಂಗ್ ಇದ್ದು" ಅಂದರು. ಇಂಗಳೀಕ ಅಂದರೆ ಯಕ್ಷಗಾನದವರು ಮುಖಕ್ಕೆ ಹಚ್ಚುವ ಕೆಂಪು. ಹಳದಿಗೆ ಅರದಾಳ, ಬಿಳಿಗೆ ಸಫೇತು, ಕಪ್ಪಿಗೆ ಕಾಡಿಗೆ, ಎಲ್ಲವನ್ನೂ ಕೊಬ್ಬರಿ ಎಣ್ಣೆಯಲ್ಲಿ ಕಲೆಸುತ್ತಾರೆ. ಇಂಗಳೀಕದ ಕೆಂಪಿಗೆ ಒಂದು ಉರಿ ಇರುತ್ತದೆ, ಗ್ಯಾಸ್‌ಲೈಟಿನ ಬೆಳಕಲ್ಲಿ ನೋಡಿದವರಿಗೆ ಅದು ಮರೆಯುವುದಿಲ್ಲ. ನನ್ನ ಸ್ಕ್ಯಾನಿನಲ್ಲಿ ಆ ಉರಿಯೇ ಇರಲಿಲ್ಲ. ದೊಡ್ಡಪ್ಪ ಮಳೆ ಚಳಿ ನೋಡದೆ ರಾತ್ರಿಯಿಡೀ ನಿಂತು ತೆಗೆದದ್ದು ಆ ಬಣ್ಣಕ್ಕೋಸ್ಕರ ಅಲ್ವಾ? ಹಾಗಾಗಿ ಮೂರೂ ರೋಲು ಅಳಿಸಿದೆ.

ಆಮೇಲೆ ಕೂತು ಓದಿದೆ. ತಪ್ಪು ಎಲ್ಲಿ ಆಗುತ್ತಿತ್ತು ಅಂತ ತಿಳಿಯಲಿಕ್ಕೆ ಕಲರ್ ನೆಗೆಟಿವ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು. ನೆಗೆಟಿವ್ ಹಿಡಿದು ನೋಡಿದರೆ ಚಿತ್ರ ಇಲ್ಲದ ಜಾಗವೂ ಕಿತ್ತಳೆ ಬಣ್ಣ ಇರುತ್ತದೆ. ಫಿಲ್ಮಿನ ಒಳಗಿನ ಮೆಜೆಂಟಾ (ನೇರಳೆಗೆಂಪು) ಮತ್ತು ಸಯಾನ್ (ಹಸಿರು ಬೆರೆತ ನೀಲಿ) ಬಣ್ಣಗಳು ಪೂರ್ತಿ ಶುದ್ಧ ಅಲ್ಲ, ಹೀರಬಾರದ ಬೆಳಕನ್ನೂ ಸ್ವಲ್ಪ ಹೀರುತ್ತವೆ. ಆ ದೋಷವನ್ನು ಸರಿದೂಗಿಸಲು ಫಿಲ್ಮ್ ಮಾಡುವವರೇ ಬೇಕೆಂದು ಇಟ್ಟ ಕಿತ್ತಳೆ ಅದು. ಸಾಫ್ಟ್‌ವೇರ್ ಮೊದಲು ಈ ಕಿತ್ತಳೆಯನ್ನು ಕಳೆಯಬೇಕು, ಆಮೇಲೆ ಚಿತ್ರವನ್ನು ತಿರುಗಿಸಬೇಕು. ಎಷ್ಟು ಕಳೆಯಬೇಕು ಅನ್ನುವುದನ್ನು ಆಟೋದಲ್ಲಿ ಅದು ಪ್ರತಿ ಫ್ರೇಮಿನ ಚಿತ್ರ ನೋಡಿ ಊಹಿಸುತ್ತದೆ. ಚಿತ್ರದ ಎಲ್ಲ ಬಣ್ಣ ಸೇರಿದರೆ ಹೆಚ್ಚುಕಮ್ಮಿ ಬೂದು ಆಗಬೇಕು ಅನ್ನುವಂಥ ಲೆಕ್ಕ. ಮದುವೆ ಫೋಟೋ, ಹೊಲದ ಫೋಟೋ ಆದರೆ ಈ ಊಹೆ ನಡೆಯುತ್ತದೆ. ಆದರೆ ಯಕ್ಷಗಾನದ ಫ್ರೇಮಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಂಪು, ಹಳದಿ, ಚಿನ್ನದ ಬಣ್ಣ, ಉಳಿದದ್ದು ಕತ್ತಲೆ. ಇಷ್ಟೊಂದು ಕೆಂಪು ನೋಡಿದ ಕೂಡಲೇ ಆಟೋ ಅದನ್ನು ತಪ್ಪು ಅಂತ ತಿಳಿದು ಕಳೆದುಬಿಡುತ್ತದೆ. ವೇಷ ಹತ್ತಿರ ಇದ್ದಷ್ಟೂ ಕೆಂಪು ಜಾಸ್ತಿ, ಕಳೆಯುವುದೂ ಜಾಸ್ತಿ. ದೊಡ್ಡಮ್ಮನಿಗೆ ತೋರಿಸಿದ ಮುಖ ಅತಿ ಹತ್ತಿರದ್ದು, ಅದಕ್ಕೇ ಅದು ಎಲ್ಲಕ್ಕಿಂತ ಹೆಚ್ಚು ಕೆಟ್ಟಿತ್ತು.

ಹಾಗಾಗಿ ಸಾಫ್ಟ್‌ವೇರ್ ಆರಿಸುವಾಗ ನನಗೆ ಬೇಕಾದದ್ದು ಎರಡೇ. ಕಿತ್ತಳೆ ತಳವನ್ನು ಒಂದು ಸಲ ಅಳೆದು, ಇಡೀ ರೋಲಿಗೆ ಅದನ್ನೇ ಕಟ್ಟಿಹಾಕಲು ಬರಬೇಕು. ಮತ್ತೆ, ಸ್ಕ್ಯಾನರ್ ಕಂಡದ್ದನ್ನೆಲ್ಲ ಏನೂ ತಿದ್ದದೆ ಹಸಿಯಾಗಿ ಉಳಿಸಿಡಲು ಬರಬೇಕು. ಬಣ್ಣದ ತೀರ್ಮಾನ ಆಮೇಲೆ ನಿಧಾನಕ್ಕೆ ಮಾಡಬಹುದು, ಆದರೆ ಬೂಸ್ಟು ಹಿಡಿಯುತ್ತಿರುವ ನೆಗೆಟಿವ್ ಮುಂದಿನ ಮಳೆಗಾಲದವರೆಗೆ ಹೀಗೇ ಇರುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ.

ಎರಡು ಸಾಫ್ಟ್‌ವೇರ್ ಎದುರಿಗೆ ಇದ್ದವು. ಒಂದು ಸಿಲ್ವರ್‌ಫಾಸ್ಟ್, ಜರ್ಮನಿಯ ಕೀಲ್ ನಗರದ ಲೇಸರ್‌ಸಾಫ್ಟ್ ಇಮೇಜಿಂಗ್ ಮಾಡಿದ್ದು. ಇನ್ನೊಂದು ವ್ಯೂಸ್ಕ್ಯಾನ್, ಎಡ್ ಹ್ಯಾಮ್ರಿಕ್ ಅನ್ನುವವರು 1998ರಲ್ಲಿ ಹೊರತಂದದ್ದು. ಎರಡಕ್ಕೂ ಟ್ರಯಲ್ ಇದೆ, ಸ್ಕ್ಯಾನ್ ಮಾಡಿದ ಚಿತ್ರದ ಮೇಲೆ ಗುರುತು ಬೀಳುತ್ತದೆ ಅಷ್ಟೇ, ಪರೀಕ್ಷೆ ಮಾಡಲು ಏನೂ ತೊಂದರೆ ಇಲ್ಲ. ಒಂದೇ ಫ್ರೇಮನ್ನು ಎರಡರಲ್ಲೂ ಒಂದು ವಾರ ಸ್ಕ್ಯಾನ್ ಮಾಡಿದೆ. ಸಿಲ್ವರ್‌ಫಾಸ್ಟ್‌ನಲ್ಲಿ ನೆಗಾಫಿಕ್ಸ್ ಅಂತ ಇದೆ, ಯಾವ ಕಂಪನಿಯ ಯಾವ ಫಿಲ್ಮು ಅಂತ ಪಟ್ಟಿಯಿಂದ ಆರಿಸಿದರೆ ಅದಕ್ಕೆ ತಕ್ಕ ಹಾಗೆ ತಿರುಗಿಸುತ್ತದೆ. ಮೊದಲ ನೋಟಕ್ಕೆ ಬಣ್ಣ ತುಂಬಾ ಚೆನ್ನಾಗಿ ಬರುತ್ತದೆ, ಇದನ್ನು ಒಪ್ಪಲೇಬೇಕು. ಆದರೆ ಅದರ ಲೈಸೆನ್ಸ್ ಸ್ಕ್ಯಾನರ್ ಮಾಡೆಲ್‌ಗೆ ಕಟ್ಟಿದ್ದು. ನನ್ನದು ಹಳೇ ಸ್ಕ್ಯಾನರ್, ನಾಳೆ ಕೆಟ್ಟು ಬೇರೆ ಮಾಡೆಲ್ ತಂದರೆ ಸಾಫ್ಟ್‌ವೇರಿಗೂ ಮತ್ತೆ ದುಡ್ಡು ಹಾಕಬೇಕು. ಅಲ್ಲದೆ ಹಸಿ ಫೈಲನ್ನು ಆಮೇಲೆ ಪೂರ್ತಿಯಾಗಿ ತಿದ್ದಲು ಅವರದೇ ಎಚ್‌ಡಿಆರ್ ಸಾಫ್ಟ್‌ವೇರ್ ಬೇರೆ ಬೇಕು.

ವ್ಯೂಸ್ಕ್ಯಾನ್ ನೋಡಲು ಹಳೇ ಕಾಲದ್ದು. ಇನ್‌ಪುಟ್, ಕ್ರಾಪ್, ಫಿಲ್ಟರ್, ಕಲರ್, ಔಟ್‌ಪುಟ್ ಅಂತ ಟ್ಯಾಬ್‌ಗಳು, ಒಂದೊಂದರಲ್ಲೂ ಮಾರುದ್ದ ಪಟ್ಟಿ. ಮೊದಲ ದಿನ ತಲೆಬಿಸಿ ಆಗುತ್ತದೆ. ಆದರೆ ಒಂದೇ ಲೈಸೆನ್ಸ್‌ಗೆ ಸಾವಿರಾರು ಮಾಡೆಲ್ ಸ್ಕ್ಯಾನರ್ ನಡೆಯುತ್ತವೆ, ನಿಕಾನ್ ಕೂಲ್‌ಸ್ಕ್ಯಾನ್‌ನಂಥ ನಿಂತುಹೋದ ಮಾಡೆಲ್‌ಗಳೂ ಸೇರಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ನನ್ನದು ಲಿನಕ್ಸಿನ ಉಬುಂಟು. ಹಸಿ ಫೈಲನ್ನು ಅದೇ ಸಾಫ್ಟ್‌ವೇರ್ ಮತ್ತೆ ಓದುತ್ತದೆ. ಸೋರ್ಸ್ ಜಾಗದಲ್ಲಿ ಸ್ಕ್ಯಾನರ್ ಬದಲು ಫೈಲ್ ಅಂತ ಕೊಟ್ಟರೆ ಸಾಕು, ಸ್ಕ್ಯಾನರ್ ಆನ್ ಕೂಡ ಮಾಡದೆ ಆ ನೆಗೆಟಿವ್ ಅನ್ನು ಮತ್ತೆ ಸ್ಕ್ಯಾನ್ ಮಾಡಿದ ಹಾಗೇ. ಇದನ್ನು ನೋಡಿದ ಮೇಲೆ ನನಗೆ ಬೇರೆ ಯೋಚನೆ ಬರಲಿಲ್ಲ, ಕೊಂಡೆ. ಒಂದು ನೆನಪಿಡಿ, ಫಿಲ್ಮ್ ಸ್ಕ್ಯಾನ್ ಮಾಡಲು ಬರುವ ಆವೃತ್ತಿಯನ್ನೇ ಕೊಳ್ಳಬೇಕು.

ಇನ್ನು ಮಾಡುವ ಕ್ರಮ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನನಗೆ ಕನ್ನಡದಲ್ಲಿ ಎಲ್ಲೂ ಸಿಕ್ಕಿರಲಿಲ್ಲ.

ರೋಲಿನ ಮೊದಲ ಪಟ್ಟಿಯಲ್ಲಿ ಚಿತ್ರ ಶುರುವಾಗುವ ಮೊದಲು ಸ್ವಲ್ಪ ಖಾಲಿ ಫಿಲ್ಮ್ ಇರುತ್ತದೆ. ಬೆಳಕು ಬೀಳದ, ಬರೀ ಕಿತ್ತಳೆ ಇರುವ ಜಾಗ. ಪೂರ್ತಿ ಕಪ್ಪಗಿರುವ ತುದಿ ಬೇಡ, ಅದು ಲೋಡ್ ಮಾಡುವಾಗ ಬೆಳಕು ತಿಂದದ್ದು. ಪ್ರಿವ್ಯೂ ಹಾಕಿ, ಕ್ರಾಪ್ ಚೌಕವನ್ನು ಆ ಕಿತ್ತಳೆ ಜಾಗದ ಮೇಲೆ ಮಾತ್ರ ಇಡಬೇಕು. ಅಂಚಿನ ತೂತುಗಳು ಅದರೊಳಗೆ ಬರಬಾರದು. ಇನ್‌ಪುಟ್ ಟ್ಯಾಬ್‌ನಲ್ಲಿ ಮೀಡಿಯಾ ಕಲರ್ ನೆಗೆಟಿವ್ ಅಂತ ಇರಲಿ. ಆಮೇಲೆ 'ಲಾಕ್ ಎಕ್ಸ್‌ಪೋಶರ್' ಟಿಕ್ ಮಾಡಿ, ಮತ್ತೊಮ್ಮೆ ಪ್ರಿವ್ಯೂ ಹಾಕಬೇಕು. ಈಗ 'ಲಾಕ್ ಫಿಲ್ಮ್ ಬೇಸ್ ಕಲರ್' ಅಂತ ಕಾಣುತ್ತದೆ. ಅದನ್ನೂ ಟಿಕ್ ಮಾಡಿದರೆ ಮುಗೀತು. ಆ ರೋಲಿನ ಕಿತ್ತಳೆ ಎಷ್ಟು ಅಂತ ಸಾಫ್ಟ್‌ವೇರಿಗೆ ಈಗ ಖಚಿತವಾಗಿ ಗೊತ್ತು, ಇನ್ನು ಪ್ರತಿ ಫ್ರೇಮಿಗೂ ಊಹೆ ಮಾಡಬೇಕಾಗಿಲ್ಲ. ಕಲರ್ ಟ್ಯಾಬ್‌ನಲ್ಲಿ ಕಲರ್ ಬ್ಯಾಲೆನ್ಸ್ ನ್ಯೂಟ್ರಲ್, ಬ್ಲ್ಯಾಕ್ ಪಾಯಿಂಟ್ ಮತ್ತು ವೈಟ್ ಪಾಯಿಂಟ್ ಎರಡೂ ಸೊನ್ನೆ. ಫಿಲ್ಮ್ ಕಂಪನಿಯ ಪಟ್ಟಿ ಇಲ್ಲೂ ಇದೆ, ಕೊಡಾಕ್, ಫ್ಯೂಜಿ, ಕೊನಿಕಾ ಎಲ್ಲ. ನಾನು ಜೆನೆರಿಕ್ ಅಂತಲೇ ಬಿಟ್ಟೆ. ಮೂವತ್ತು ವರ್ಷ ನಮ್ಮ ಮಳೆ ಕಂಡ ಫಿಲ್ಮಿಗೆ ಕಂಪನಿಯ ಹೊಸ ಫಿಲ್ಮಿನ ಲೆಕ್ಕ ಕೂಡುವುದಿಲ್ಲ. ಹೊಸ ರೋಲ್ ಹಿಡಿದಾಗ ಎರಡೂ ಲಾಕ್ ಬಿಚ್ಚಿ, ಮತ್ತೆ ಮೊದಲಿಂದ ಅಳೆಯಬೇಕು. ಇದನ್ನು ಮರೆತರೆ ಇಡೀ ರೋಲು ಓರೆ ಬಣ್ಣ ಬರುತ್ತದೆ.

ಉಳಿಸುವಾಗ ನಾನು 64 ಬಿಟ್ ಆರ್‌ಜಿಬಿಐ ಹಸಿ ಫೈಲ್ ಇಡುತ್ತೇನೆ. ಕೆಂಪು, ಹಸಿರು, ನೀಲಿ, ಜೊತೆಗೆ ಇನ್‌ಫ್ರಾರೆಡ್, ಒಂದೊಂದೂ 16 ಬಿಟ್. ಸ್ಕ್ಯಾನರ್ ಬಾಕ್ಸಿನ ಮೇಲೆ 6400 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಅಂತ ಇದೆ. ಒಂದು ವೇಷದ ಎದೆಕಟ್ಟಿನ ಮಣಿಗಳನ್ನು 2400ರಲ್ಲೂ 6400ರಲ್ಲೂ ಸ್ಕ್ಯಾನ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. 2400ರಲ್ಲಿ ಕಾಣದ ಒಂದು ಮಣಿಯೂ 6400ರಲ್ಲಿ ಕಾಣಲಿಲ್ಲ, ಫಿಲ್ಮಿನ ಕಾಳು (ಗ್ರೇನ್) ಮಾತ್ರ ದೊಡ್ಡದಾಯಿತು. 2400ರಲ್ಲಿ ಒಂದು ಫ್ರೇಮಿಗೆ 60 ಎಂಬಿ ಚಿಲ್ಲರೆ, ಎರಡು ಸಾವಿರಕ್ಕೆ 130 ಜಿಬಿ ಆಸುಪಾಸು. 6400 ಆಗಿದ್ದರೆ ಒಂದು ಟಿಬಿ ಹತ್ತಿರ ಆಗುತ್ತಿತ್ತು, ಸಮಯವೂ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ 2400ಕ್ಕೇ ನಿಂತೆ.

ಈಗ ಇನ್‌ಫ್ರಾರೆಡ್ ವಿಷಯ. ಕಲರ್ ಫಿಲ್ಮಿನ ಬಣ್ಣಗಳನ್ನು ಇನ್‌ಫ್ರಾರೆಡ್ ಬೆಳಕು ಸಲೀಸಾಗಿ ದಾಟಿ ಹೋಗುತ್ತದೆ. ಧೂಳು, ಗೀರು ಅದನ್ನು ತಡೆಯುತ್ತವೆ. ಹಾಗಾಗಿ ಇನ್‌ಫ್ರಾರೆಡ್ ಚಿತ್ರದಲ್ಲಿ ಕಾಣುವುದು ಬರೀ ಕಸ, ಆ ಜಾಗಗಳನ್ನು ಸಾಫ್ಟ್‌ವೇರ್ ಅಕ್ಕಪಕ್ಕದ ಬಣ್ಣದಿಂದ ತುಂಬುತ್ತದೆ. ಡಿಜಿಟಲ್ ಐಸ್ ಅಂತ ಹೆಸರಾದದ್ದೂ ಇದೇ ವಿದ್ಯೆ. ವ್ಯೂಸ್ಕ್ಯಾನ್‌ನಲ್ಲಿ ಲೈಟ್, ಮೀಡಿಯಂ, ಹೆವಿ ಅಂತ ಮೂರು ಮಟ್ಟ ಇದೆ. ಧೂಳಿಗೆ ಲೈಟ್ ಸಾಕು. ಬೂಸ್ಟಿನ ಎಳೆಗಳಿಗೆ ಮೀಡಿಯಂ ಕೊಟ್ಟರೆ ಅರ್ಧಕ್ಕಿಂತ ಜಾಸ್ತಿ ಹೋಗುತ್ತವೆ, ಉಳಿದದ್ದು ಜೆಲಾಟಿನ್ ತಿಂದು ಹೋದ ಜಾಗ, ಅದನ್ನು ಕೈಯಲ್ಲೇ ತಿದ್ದಬೇಕು. ಹೆವಿ ಕೊಟ್ಟರೆ ಮುಂಡಾಸಿನ ಸಣ್ಣ ಜರಿಯ ಅಂಚು ಮಸುಕಾಗುತ್ತದೆ.

ಕಪ್ಪು-ಬಿಳುಪಿಗೆ ಮಾತ್ರ ಇನ್‌ಫ್ರಾರೆಡ್ ಬೇಡವೇ ಬೇಡ. ದೊಡ್ಡಪ್ಪ ಶುರುವಿನಲ್ಲಿ 'ಇಂದು' ಅನ್ನುವ ಹೆಸರಿನ ಕಪ್ಪು-ಬಿಳುಪು ಫಿಲ್ಮ್ ಬಳಸುತ್ತಿದ್ದರು, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನದ್ದು. ಅಂಥ ನಾಲ್ಕು ರೋಲು ಇವೆ. ಒಂದನ್ನು ಹಿಂದಿನ ಸೆಟ್ಟಿಂಗಿನಲ್ಲೇ ಹಾಕಿದೆ. ಪ್ರಿವ್ಯೂದಲ್ಲಿ ಒಂದು ಮುದುಕಿಯ ಮುಖ ಬಂತು. ಕೆನ್ನೆಯ ಸುಕ್ಕೆಲ್ಲ ಮೇಣ ಸವರಿದ ಹಾಗೆ ನುಣುಪಾಗಿತ್ತು. ಅವಳ ಬಿಳಿ ಕೂದಲು ಒಂದು ಮುದ್ದೆ. ಕಪ್ಪು-ಬಿಳುಪು ಚಿತ್ರ ಆಗಿರುವುದೇ ಬೆಳ್ಳಿಯ ಕಣಗಳಿಂದ, ಬೆಳ್ಳಿ ಇನ್‌ಫ್ರಾರೆಡ್ ಅನ್ನು ತಡೆಯುತ್ತದೆ. ಸಾಫ್ಟ್‌ವೇರಿಗೆ ಅಜ್ಜಿಯ ಮುಖವೇ ಧೂಳಾಗಿ ಕಂಡಿತ್ತು. ಆಫ್ ಮಾಡಿ ಮತ್ತೆ ಹಾಕಿದಾಗ ಸುಕ್ಕು, ಮೂಗುತಿ, ಹಣೆಯ ಮೇಲಿನ ಒಂದು ಗಾಯದ ಗುರುತು, ಎಲ್ಲ ವಾಪಸ್ ಬಂತು. ಹಸಿ ಫೈಲ್ ಇಟ್ಟುಕೊಂಡರೆ ಇಂಥ ತಪ್ಪು ಆದರೂ ಭಯ ಇಲ್ಲ, ನೆಗೆಟಿವ್ ಮುಟ್ಟದೆ ತಿದ್ದಬಹುದು.

ತಳದ ಬಣ್ಣ ಕಟ್ಟಿಹಾಕಿದ ಮೇಲೆ ಅಳಿಸಿದ್ದ ಮೂರು ರೋಲುಗಳನ್ನು ಮತ್ತೆ ಸ್ಕ್ಯಾನ್ ಮಾಡಿದೆ. ಈ ಸಲ ಒಂದು ರೋಲಿನ 36 ಫ್ರೇಮೂ ಒಂದೇ ರಾತ್ರಿಯ ಹಾಗೆ ಕಂಡವು. ಫ್ಲ್ಯಾಶ್ ಬಿದ್ದ ವೇಷಗಳು ಸರಿ, ಹಿಂದೆ ಟ್ಯೂಬ್‌ಲೈಟ್ ಬಿದ್ದ ಕಡೆ ಸ್ವಲ್ಪ ಹಸಿರು. ಆ ಹಸಿರನ್ನು ನಾನು ತೆಗೆದಿಲ್ಲ. ಹಗಲು ಬೆಳಕಿಗೆ ಮಾಡಿದ ಫಿಲ್ಮಿಗೆ ಟ್ಯೂಬ್‌ಲೈಟ್ ಹಾಗೇ ಕಾಣುವುದು, ಅದು ಆ ರಾತ್ರಿಯ ಬೆಳಕು. ಅದನ್ನು ಕಳೆಯಲು ಹೋದರೆ ಮುಂದಿನ ವೇಷದ ಬಣ್ಣ ಓಡುತ್ತದೆ.

ಆದರೂ ಇಂಗಳೀಕ ಸರಿ ಬಂತೋ ಇಲ್ಲವೋ ಅಂತ ಹೇಳಲು ನನಗೆ ಧೈರ್ಯ ಬರಲಿಲ್ಲ. ನನ್ನ ನೆನಪು ಚಿಕ್ಕಂದಿನದು. ದೊಡ್ಡಮ್ಮನ ಮನೆ ಪಕ್ಕದಲ್ಲಿ ಒಬ್ಬರು ಅಜ್ಜ ಇದ್ದಾರೆ, ಯಕ್ಷಗಾನದಲ್ಲಿ ಎರಡನೇ ವೇಷ, ಅಂದರೆ ಪ್ರಮುಖ ಪುರುಷ ಪಾತ್ರ, ಮಾಡುತ್ತಿದ್ದವರು. ಅವರನ್ನು ಕರೆದೆ. ಅವರು ಬರುವಾಗ ಕೈಯಲ್ಲಿ ಒಂದು ತಗಡಿನ ಡಬ್ಬಿ ಹಿಡಿದು ಬಂದರು. ಒಳಗೆ ಕಾಗದದ ಪೊಟ್ಟಣಗಳು. ಒಂದು ಪೊಟ್ಟಣ ಬಿಚ್ಚಿ, ಅಂಗೈಗೆ ಚಿಟಿಕೆ ಇಂಗಳೀಕ ಹಾಕಿಕೊಂಡು, ದೊಡ್ಡಮ್ಮನ ಹತ್ತಿರ ಕೊಬ್ಬರಿ ಎಣ್ಣೆ ಇಸಕೊಂಡು ಬೆರಳಲ್ಲಿ ತಿಕ್ಕಿದರು. ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟಿನಿಂದ ಒಂದು ಗೆರೆ ಎಳೆದರು. ಆ ಹಾಳೆಯನ್ನು ಜಗುಲಿಯಲ್ಲಿ, ಹಗಲು ಬೆಳಕಲ್ಲಿ, ಲ್ಯಾಪ್‌ಟಾಪಿನ ಪರದೆ ಪಕ್ಕ ಹಿಡಿದೆವು.

ಪರದೆಯ ಕೆಂಪು ಸ್ವಲ್ಪ ನೇರಳೆ ಕಡೆ ವಾಲಿತ್ತು. ಹಾಳೆಯ ಕೆಂಪು ಬೆಂಕಿ ಕಡೆ. ಹಳೇ ಫಿಲ್ಮಿನ ಬಣ್ಣ ಒಂದೇ ಸಮ ಮಾಸುವುದಿಲ್ಲ, ಒಂದೊಂದು ಪದರ ಒಂದೊಂದು ವೇಗದಲ್ಲಿ ಮಾಸುತ್ತದೆ, ಆ ವ್ಯತ್ಯಾಸವನ್ನು ತಳದ ಬಣ್ಣ ಕಟ್ಟುವುದರಿಂದ ಮಾತ್ರ ಸರಿಪಡಿಸಲು ಬರುವುದಿಲ್ಲ. ಹಸಿ ಫೈಲ್ ತೆರೆದು, ಕಲರ್ ಟ್ಯಾಬ್‌ನಲ್ಲಿ ನೀಲಿಯ ಹೊಳಪನ್ನು ಒಂದೊಂದೇ ಹೆಜ್ಜೆ ಇಳಿಸಿದೆ. ಅಜ್ಜ ನೋಡುತ್ತಾ, "ಇನ್ನೂ ಒಂಚೂರು... ಇನ್ನೂ... ಸಾಕು, ಸಾಕು" ಅಂದರು. ಸಂಖ್ಯೆ ನೋಡಿದರೆ 1 ಇದ್ದದ್ದು 0.93ಕ್ಕೆ ಬಂದಿತ್ತು. ಅಷ್ಟೇ ವ್ಯತ್ಯಾಸ. ಅದೇ ಸಂಖ್ಯೆಯನ್ನು ಇಡೀ ರೋಲಿಗೆ ಹಾಕಿದೆ, ಕಸೆ ಸೀರೆಯೂ ಸರಿ ಬಂತು, ಭುಜಕೀರ್ತಿಯ ಚಿನ್ನವೂ ಚಿನ್ನದ ಹಾಗೇ ಆಯಿತು. ಅಜ್ಜ ಪರದೆಯ ಹತ್ತಿರ ಮುಖ ತಂದು, ಆ ವೇಷಧಾರಿ ಯಾರು, ಅವತ್ತು ಯಾವ ಪ್ರಸಂಗ ಅಂತ ಹೇಳತೊಡಗಿದರು. ನಾನು ಫೈಲಿನ ಹೆಸರಿನ ಜೊತೆ ಅದನ್ನೂ ಬರೆದುಕೊಂಡೆ. ಆವತ್ತು ಮಧ್ಯಾಹ್ನ ಊಟಕ್ಕೆ ಎದ್ದಾಗ ಮೂರೂವರೆ.

ಈಗ 46 ರೋಲು ಮುಗಿದಿವೆ. ಒಂದು ಭಾನುವಾರಕ್ಕೆ ಎರಡು ರೋಲು ಆಗುತ್ತದೆ. ಅಜ್ಜನ ಇಂಗಳೀಕದ ಹಾಳೆ ನನ್ನ ಮೇಜಿನ ಮೇಲೇ ಇದೆ, ಎಣ್ಣೆ ನೆಗೆಟಿವ್‌ಗೆ ತಾಗಬಾರದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದೇನೆ. ಕಲರ್ ರೋಲುಗಳಿಗೆ ಮೊದಲು ತಳದ ಲಾಕ್, ಆಮೇಲೆ ಈ ಹಾಳೆ. ಮುಂದಿನ ರೋಲಿನಲ್ಲಿ ಮೊದಲ ಪಟ್ಟಿಯೇ ಇಲ್ಲ, ಖಾಲಿ ಫಿಲ್ಮ್ ಇದ್ದ ತುದಿ ಎಲ್ಲೋ ಕಳೆದುಹೋಗಿದೆ. ಅದಕ್ಕೆ ಎರಡು ಫ್ರೇಮಿನ ನಡುವಿನ ಸಣ್ಣ ಗೆರೆಯಲ್ಲೇ ಕಿತ್ತಳೆ ಅಳೆಯಬೇಕು. ಪ್ರಿವ್ಯೂ ರೆಸಲ್ಯೂಶನ್ ಏರಿಸಿಕೊಂಡರೆ ಕ್ರಾಪ್ ಚೌಕ ಆ ಗೆರೆಯೊಳಗೆ ಕೂರುತ್ತದೆ, ನಿನ್ನೆ ರಾತ್ರಿ ಒಂದು ಸಲ ಕೂರಿಸಿ ನೋಡಿದ್ದೇನೆ.